ಬೀಗರ ರೆಕ್ಕೆ, ನನ್ನ ಪಂಖ

ನನ್ನಷ್ಟು ಚೆನ್ನಾಗಿ ಪಂಖ ಕೆತ್ತುವವರು ನಮ್ಮೂರಲ್ಲಿ ಇನ್ನೊಬ್ಬರಿಲ್ಲ. ಇದನ್ನು ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ, ನನಗೇನೂ ಬೇಜಾರಿಲ್ಲ. ವಿಮಾನದ ರೆಕ್ಕೆಯ ಮುಂದೆ ಗಿರ್ರೆಂದು ತಿರುಗುವ ಪ್ರೊಪೆಲರನ್ನು ನಾವು ಪಂಖ ಅಂತಲೇ ಕರೆಯುವುದು. ಹೊನ್ನೆ ಮರದ ದಿಮ್ಮಿ ತಂದು, ಬಾಚಿಯಿಂದ ಒರಟು ತೆಗೆದು, ಉಳಿ ಹಿಡಿದು ಕೂತರೆ ಒಂದು ಜೊತೆಗೆ ನನಗೆ ಹದಿನೆಂಟು ದಿನ ಸಾಕು. ನನ್ನ ಹೆಸರು ಪುಟ್ಟಗೌರಮ್ಮ. ಊರಿನವರ ಬಾಯಲ್ಲಿ ಗೌರಕ್ಕ.

ನಮ್ಮೂರ ನಡುವಿನ ಸೀಳಿನ ವಿಷಯ ಹೇಳದೆ ಮುಂದೆ ಹೋಗಲಾಗದು. ನನ್ನ ಅಜ್ಜಿ ಅದನ್ನು ಸೀರೆಯ ನೆರಿಗೆ ಎತ್ತಿ ಹಿಡಿದು ದಾಟುತ್ತಿದ್ದಳಂತೆ. ಅಮ್ಮನ ಕಾಲಕ್ಕೆ ಹಲಗೆ ಬೇಕಾಯಿತು. ನನ್ನ ಮದುವೆಯ ದಿಬ್ಬಣ ಹಗ್ಗದ ತೊಟ್ಟಿಲಲ್ಲಿ ಇಬ್ಬಿಬ್ಬರಾಗಿ ದಾಟಿತು; ಕೊನೆಯ ನೆಂಟರು ಬಂದು ಇಳಿಯುವಷ್ಟರಲ್ಲಿ ಮೊದಲು ಬಂದವರು ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡಿದ್ದರು. ಈಗ ಅದು ವಿಮಾನದಲ್ಲಿ ಅರ್ಧ ಗಂಟೆಯ ದಾರಿ. ವರ್ಷವರ್ಷವೂ ತನಗೆ ತೋಚಿದಷ್ಟು ಅಗಲವಾಗುತ್ತದೆ. ಬಗ್ಗಿ ನೋಡಿದರೆ ಕೆಳಗೆ ಮೋಡ. ಊರು ಎರಡಾದಾಗ ಆಸ್ಪತ್ರೆ, ಹೈಸ್ಕೂಲು, ಹಿಟ್ಟಿನ ಗಿರಣಿ ಈಚೆ ಉಳಿದವು. ಸಂತೆಮಾಳ, ಮಗ್ಗದ ಬೀದಿ, ಸ್ಮಶಾನ ಆಚೆ ಹೋದವು. ಹೀಗಾಗಿ ಈಚೆಯವರಿಗೆ ಕಾಯಿಲೆ ಬಿದ್ದರೆ ಸುಖ, ಸತ್ತರೆ ಕಷ್ಟ. ಆಚೆಯವರದು ಇದರ ತಿರುಗಾಮುರುಗಾ. ಟೆಲಿಫೋನ್ ತಂತಿಗೆ ಪ್ರತಿ ವರ್ಷ ತುಂಡು ಸೇರಿಸಿ ಗಂಟು ಹಾಕುತ್ತಿದ್ದರು, ಕೊನೆಗೆ ಸಾಕಾಗಿ ಬಿಟ್ಟರು. ಈಗ ಬಿಸಿಲಿಗೆ ದೊಡ್ಡ ಕನ್ನಡಿ ಹಿಡಿದು ಮಿನುಗಿಸಿ ಮಾತಾಡುತ್ತೇವೆ. ಪೋಸ್ಟ್ ಮಾಸ್ತರರು ದುರ್ಬೀನು ಹಿಡಿದು ಕೂತು ಅದನ್ನು ಓದಿ ಹೇಳುತ್ತಾರೆ. ಗಂಡ ಹೆಂಡಿರ ಜಗಳವೂ ಕನ್ನಡಿಯಲ್ಲೇ ನಡೆಯುವುದರಿಂದ ಊರಿಗೆಲ್ಲ ಪುಕ್ಕಟೆ ಮನರಂಜನೆ.

ಮರ ಈಚೆ ಇದ್ದುದರಿಂದ ಪಂಖ ನಮ್ಮ ಕಸುಬಾಯಿತು. ಬಿದಿರು, ಬಟ್ಟೆ ಆಚೆ ಇದ್ದುದರಿಂದ ರೆಕ್ಕೆ ಅವರ ಕಸುಬಾಯಿತು. ಪಂಖದವರು ರೆಕ್ಕೆ ಮುಟ್ಟುವಂತಿಲ್ಲ, ರೆಕ್ಕೆಯವರು ಪಂಖ ಮುಟ್ಟುವಂತಿಲ್ಲ. ಇದು ಎರಡೂ ಕಡೆಯವರು ಒಪ್ಪಿಕೊಂಡು ಬಂದ ಕಟ್ಟಳೆ. ರೆಕ್ಕೆ ಕಟ್ಟುವುದರಲ್ಲಿ ಆಚೆಯ ಮುದ್ದವೀರಪ್ಪನವರದು ಎತ್ತಿದ ಕೈ. ನನ್ನ ಒಬ್ಬಳೇ ಮಗಳು ಇಂದ್ರಾಣಿಯನ್ನು ಅವರ ಮಗನಿಗೇ ಕೊಟ್ಟಿದ್ದೆ. ಅಂದರೆ ಅವರು ನನಗೆ ಬೀಗರು. ಕಸುಬಿನ ಕಟ್ಟಳೆಯಾದರೂ ಮುರಿದೀತು, ಬೀಗರ ಮರ್ಯಾದೆ ಮುರಿಯುವುದುಂಟೇ? ಅವರ ರೆಕ್ಕೆಯಲ್ಲಿ ಐಬು ಕಂಡರೆ ನಾನು ಬಾಯಿ ಬಿಡುವಂತಿಲ್ಲ, ನನ್ನ ಪಂಖದಲ್ಲಿ ಕಂಡರೆ ಅವರು ಬಿಡುವಂತಿಲ್ಲ.

ನಮ್ಮ ಹಳೆಯ ವಿಮಾನದ ಹೊಟ್ಟೆಯಲ್ಲಿ ಗಿರಣಿಯ ಇಂಜಿನ್ ಒಂದಿತ್ತು. ಅದರಿಂದ ಎರಡು ಬೆಲ್ಟು ಹೊರಟು ಎರಡೂ ರೆಕ್ಕೆಗಳ ತುದಿಯ ಹತ್ತಿರ ಇರುವ ಪಂಖಗಳನ್ನು ತಿರುಗಿಸುತ್ತಿದ್ದವು. ಒಂದು ಬೆಲ್ಟು ನೇರ, ಇನ್ನೊಂದನ್ನು ನಡುವೆ ಒಂದು ಮಡಿಕೆ ತಿರುವಿ ಹಾಕುವುದು, ಆಗ ಎರಡು ಪಂಖಗಳೂ ಒಂದಕ್ಕೊಂದು ವಿರುದ್ಧ ತಿರುಗುತ್ತವೆ. ಇಂಜಿನ್ನಿನ ನೀರು ಮೂವತ್ತು ನಿಮಿಷಕ್ಕೆ ಕುದಿಯಲು ಶುರುವಾಗುತ್ತದೆ, ಆಮೇಲೆ ದೇವರೇ ಗತಿ. ಮೂರು ತಿಂಗಳ ಹಿಂದೆ ಹೊಸ ವಿಮಾನಕ್ಕೆಂದು ಉದ್ದನೆಯ ರೆಕ್ಕೆಗಳನ್ನು ಹೊತ್ತುಕೊಂಡು, ಜೊತೆಗೆ ಮುದ್ದವೀರಪ್ಪನವರನ್ನೂ ಕೂರಿಸಿಕೊಂಡು ಹಳೆಯ ವಿಮಾನ ಈಚೆ ಬಂದಾಗ ಮೂವತ್ತೊಂದು ನಿಮಿಷವಾಗಿತ್ತು. ಹಬೆ ಉಗುಳುತ್ತ ಬಂದು ಬಯಲಿನಲ್ಲಿ ಕೂತಿತು. ಓಡಿಸುತ್ತಿದ್ದವನು ದಸ್ತಗೀರ್. ಹಿಂದೆ ಬಸ್ ಡ್ರೈವರ್ ಆಗಿದ್ದ, ಬಸ್ಸಿಗೆ ಹೋಗಲು ದಾರಿ ಉಳಿಯದಿದ್ದಾಗ ವಿಮಾನ ಹತ್ತಿದವನು. ಅವನು ಇಳಿದವನೇ ಟೋಪಿ ನೆಲಕ್ಕೆ ಬಿಸಾಕಿ, "ಗೌರಕ್ಕಾ, ಇನ್ನು ಈ ಡಬ್ಬ ನಾನು ಹತ್ತಲ್ಲ. ಹೊಸದು ಕಟ್ಟಿ, ಇಲ್ಲಾಂದ್ರೆ ನನ್ನ ಬಿಟ್ಬಿಡಿ" ಅಂದ.

ಹೀಗೆ ಬೀಗರು ನನ್ನ ಮನೆಯಲ್ಲಿ ಸಿಕ್ಕಿಹಾಕಿಕೊಂಡರು. ಬೀಗರು ಒಂದು ಹೊತ್ತು ಬಂದರೇ ಒಬ್ಬಟ್ಟು ಮಾಡಬೇಕು. ತೊಂಬತ್ತು ದಿನ ಇದ್ದರೆ ಏನು ಮಾಡುವುದು? ಮೊದಲ ವಾರ ದಿನಕ್ಕೊಂದು ಸಿಹಿ ಮಾಡಿದೆ. ಎರಡನೆಯ ವಾರ ಅವರೇ, "ಗೌರಮ್ಮನೋರೇ, ಒಂದು ಮುದ್ದೆ, ಬಸ್ಸಾರು ಹಾಕಿದ್ರೆ ನಿಮ್ಮ ಹೊಟ್ಟೆ ತಣ್ಣಗಿರ್ತದೆ" ಅಂತ ಕೈಮುಗಿದರು. ಆಮೇಲೆ ಬಿಗುಮಾನ ಅರ್ಧಕ್ಕರ್ಧ ಇಳಿಯಿತು. ಕಸುಬಿನ ಮಾತಿನಲ್ಲಿ ಮಾತ್ರ ಇಳಿಯಲಿಲ್ಲ. ಒಂದೇ ಶೆಡ್ಡಿನಲ್ಲಿ ಅವರು ಆ ಮೂಲೆಗೆ, ನಾನು ಈ ಮೂಲೆಗೆ, ನಡುವೆ ಒಂದು ಹಳೆಯ ಸೀರೆಯ ಪರದೆ.

ಪರದೆಯ ಈಚೆ ನಾನು ಏನು ಮಾಡುತ್ತಿದ್ದೆ ಅನ್ನುವುದನ್ನು ಈಗ ಹೇಳುತ್ತೇನೆ. ಹಳೆಯ ವಿಮಾನ ಕೊನೆಯ ಸಲ ಇಳಿದ ಬೆಳಿಗ್ಗೆ ಬಯಲಿನ ಅಂಚಿನಲ್ಲಿ ಯಾರೋ ತರಗೆಲೆ ಸುಡುತ್ತಿದ್ದರು. ವಿಮಾನ ಆ ಹೊಗೆಯೊಳಗೆ ನುಗ್ಗಿ ಬಂತು. ಆಗ ನೋಡಿದೆ: ರೆಕ್ಕೆಯ ತುದಿಯಲ್ಲಿ ಹೊಗೆ ಕೆಳಗಿನಿಂದ ನುಸುಳಿ, ತುದಿಯನ್ನು ಬಳಸಿ, ಮೇಲಕ್ಕೆ ಸುರುಳಿ ಸುತ್ತುತ್ತಿದೆ. ರೆಕ್ಕೆಯನ್ನು ಎತ್ತಿ ಹಿಡಿಯಬೇಕಾದ ಗಾಳಿ ಕಳ್ಳದಾರಿಯಲ್ಲಿ ಪರಾರಿಯಾಗುತ್ತಿದೆ! ಪಂಖವಾದರೂ ಸುಮ್ಮನೆ ಹಿಂದಕ್ಕೆ ಗಾಳಿ ತಳ್ಳುವುದಿಲ್ಲ, ಗಾಳಿಯನ್ನು ಹುರಿ ಮಾಡಿ ತಳ್ಳುತ್ತದೆ. ನನ್ನ ಪಂಖ ತುದಿಯ ಕಡೆ ಮೇಲಕ್ಕೆ ಏಳುತ್ತ, ಒಳಗಡೆ, ಅಂದರೆ ವಿಮಾನದ ಹೊಟ್ಟೆಯ ಕಡೆ, ಕೆಳಕ್ಕೆ ಇಳಿಯುತ್ತ ತಿರುಗುತ್ತಿತ್ತು. ಅಂದರೆ ಪರಾರಿಯಾಗುವ ಗಾಳಿಗೆ ನಾನೇ ಬೆನ್ನು ತಟ್ಟಿ ಕಳಿಸುತ್ತಿದ್ದೆ. ಅಯ್ಯೋ ನನ್ನ ಬುದ್ಧಿಗಿಷ್ಟು ಅಂದುಕೊಂಡೆ. ಬಲದ ಪಂಖ ಎಡಕ್ಕೆ, ಎಡದ್ದು ಬಲಕ್ಕೆ ಹಾಕಿ, ಬೆಲ್ಟಿನ ಮಡಿಕೆಯನ್ನೂ ಈ ಕಡೆಯಿಂದ ಆ ಕಡೆಗೆ ಬದಲಿಸಿದರೆ ಪಂಖ ಒಳಗಡೆ ಏರಿ ತುದಿಯಲ್ಲಿ ಇಳಿಯುತ್ತದೆ. ಆ ಇಳಿಯುವ ಗಾಳಿ ಕಳ್ಳದಾರಿಯನ್ನು ಮುಚ್ಚುತ್ತದೆ. ಇಂಜಿನ್ನು ಅಷ್ಟು ಹೆಣಗುವುದು ಬೇಡ, ನೀರು ಅಷ್ಟು ಬೇಗ ಕುದಿಯುವುದಿಲ್ಲ. ಹಳೆಯ ಇಂಜಿನ್ನನ್ನೇ ಕಿತ್ತು ಹಾಕಿದ್ದ ಹೊಸ ವಿಮಾನಕ್ಕೆ ಹಾಗೇ ಮಾಡಿದೆ. ಬೀಗರಿಗೆ ಹೇಳಲಿಲ್ಲ. ಹೇಳಿದರೆ ನಿಮ್ಮ ರೆಕ್ಕೆಯ ತುದಿಯಲ್ಲಿ ಗಾಳಿ ಸೋರುತ್ತದೆ ಅಂದ ಹಾಗಾಗುತ್ತದೆ. ಸದ್ದಿಲ್ಲದೆ ಅವರ ಐಬು ಮುಚ್ಚಿಬಿಟ್ಟರೆ ಆಯಿತಲ್ಲ ಅಂತ ಒಳಗೊಳಗೇ ಬೀಗುತ್ತಿದ್ದೆ.

ಇಂದ್ರಾಣಿಗೆ ಅಷ್ಟರಲ್ಲಿ ಒಂಬತ್ತು ತಿಂಗಳು ತುಂಬುತ್ತ ಬಂದಿತ್ತು. ಚೊಚ್ಚಲು ಬಸುರಿ, ಏಳರಲ್ಲೇ ಕರೆತರಬೇಕಿತ್ತು, ವಿಮಾನವಿಲ್ಲದೆ ನಿಂತುಹೋಗಿತ್ತು. ಒಂದು ಸೋಮವಾರ ಪೋಸ್ಟ್ ಮಾಸ್ತರರು ಮನೆಗೇ ನಡೆದು ಬಂದರು. ಅವರು ಹಾಗೆ ಬರುವವರಲ್ಲ, ಕಿಟಕಿಯಿಂದಲೇ ಕೂಗುವವರು. "ಅಮ್ಮಾ, ನಿಮ್ಮ ಅಳಿಯಂದ್ರು ಕನ್ನಡಿ ಹಾಕಿದಾರೆ. ಮಗು ಹೊಟ್ಟೇಲಿ ಅಡ್ಡ ಮಲಗಿದೆಯಂತೆ. ಸೂಲಗಿತ್ತಿ ಕೈಲಾಗಲ್ಲ ಅಂದ್ಲಂತೆ. ಆಪರೇಷನ್ನೇ ಆಗಬೇಕಂತೆ" ಅಂದರು. ಆಪರೇಷನ್ ಮಾಡುವ ಆಸ್ಪತ್ರೆ ನಮ್ಮ ಬೀದಿಯ ಕೊನೆಯಲ್ಲಿದೆ. ಮಗಳು ಸೀಳಿನ ಆಚೆ. ಬೀಗರು ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ನಾಳೆ ಹಾರಿಸ್ತೀವಿ" ಅಂದರು. ನಾನೂ ಅದನ್ನೇ ಅಂದೆ. ನನಗೆ ಅನುಮಾನವೇ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಊರಿಗೆ ಊರೇ ಬಯಲಿಗೆ ಬಂದಿತ್ತು. ದಸ್ತಗೀರ್ ಬಿಸ್ಮಿಲ್ಲಾ ಅಂತ ಏರಿ ಕೂತ. ಹೊಸ ವಿಮಾನ ಓಡಿತು, ಗಂಡಾಳುದ್ದ ಎದ್ದಿತು, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿತು, ದೊಪ್ಪೆಂದು ಕೂತಿತು. ಇನ್ನೊಂದು ಸಲ ಓಡಿಸಿದ. ಮತ್ತೆ ಅದೇ ಕಥೆ. ಮೂರನೆಯ ಸಲಕ್ಕೆ ಚಕ್ರದ ಕಡ್ಡಿ ಮುರಿಯಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮನೆಗೆ ಹೋದರು.

ನನಗೆ ಮೈಯೆಲ್ಲ ಉರಿ. ಈ ಮನುಷ್ಯ ಬಿದಿರು ಹಸಿ ಇದ್ದಾಗಲೇ ಕಟ್ಟಿದ್ದಾನೆ, ಇಲ್ಲ ಬಟ್ಟೆ ಸಡಿಲ ಬಿಟ್ಟಿದ್ದಾನೆ ಅಂತ ಮನಸ್ಸಿನಲ್ಲಿ ಬೈದದ್ದಕ್ಕೆ ಲೆಕ್ಕವಿಲ್ಲ. ಬಾಯಲ್ಲಿ ಮಾತ್ರ ಬೇರೆ. ದಸ್ತಗೀರ್ ಚಕ್ರ ಬಿಚ್ಚುತ್ತ ಕೂತಿದ್ದ, ನಾನು ಬೀಗರಿಗೆ ಮಜ್ಜಿಗೆ ಕೊಡುತ್ತ, "ನಿಮ್ಮ ರೆಕ್ಕೆ ಬಗ್ಗೆ ಎರಡು ಮಾತಿಲ್ಲ ಬೀಗರೇ. ಇಂಜಿನ್ನೇ ಏನೋ ಮುನಿಸ್ಕೊಂಡಿದೆ" ಅಂದೆ. ಅವರು, "ಛೆ ಛೆ, ನಿಮ್ಮ ಪಂಖ ಅಂದ್ರೆ ಪಂಖ. ಗಾಳಿನೇ ಇವತ್ತು ಸರಿ ಇಲ್ಲ" ಅಂದರು. ದಸ್ತಗೀರ್ ಸ್ಪ್ಯಾನರ್ ಎಸೆದು ಎದ್ದು ನಿಂತ. "ಏನ್ ಆಡ್ತಾ ಇದೀರ ಇಬ್ರೂ? ಇಂಜಿನ್ನು ಸರಿಯಿದೆ, ಗಾಳಿ ಸರಿಯಿದೆ. ನಿಮ್ಮಿಬ್ರಲ್ಲಿ ಒಬ್ರು ತಪ್ಪು ಮಾಡಿದೀರ. ಅಲ್ಲಿ ಆ ಹುಡುಗಿ ಸಾಯ್ತಾ ಇದಾಳೆ, ಇಲ್ಲಿ ನೀವು ಬೀಗರೂಟದಲ್ಲಿ ಕೂತಂಗೆ ಒಬ್ರನ್ನೊಬ್ರು ಹೊಗಳ್ಕೊಂಡು ಕೂತಿದೀರಲ್ಲ!"

ಆ ಮಾತು ನೇರ ಎದೆಗೆ ನಾಟಿತು. ನಾನು ಎದ್ದು ಮನೆಗೆ ಹೋಗಿ ಒಂದು ಉಂಡೆ ಹತ್ತಿಯ ದಾರ ತಂದೆ. ಗೇಣುದ್ದಕ್ಕೆ ಕತ್ತರಿಸಿ, ಪಂಖದ ಹಿಂದೆ ರೆಕ್ಕೆಯ ಮೇಲೆಲ್ಲ ಒಂದೊಂದು ತುದಿಯನ್ನು ಅಂಟಿಸಿದೆ. ಹೌದು, ರೆಕ್ಕೆ ಮುಟ್ಟಿದೆ. ನೋಡುತ್ತಿದ್ದ ಬೀಗರು ಬಾಯಿ ತೆರೆದವರು ಮುಚ್ಚಿಕೊಂಡರು. ವಿಮಾನದ ಬಾಲವನ್ನು ಹುಣಸೆ ಮರಕ್ಕೆ ಬಿಗಿದು ಕಟ್ಟಿಸಿ, ಇಂಜಿನ್ ಹಾಕು ಅಂತ ದಸ್ತಗೀರನಿಗೆ ಹೇಳಿದೆ. ಎಲ್ಲ ಸರಿಯಿದ್ದರೆ ದಾರಗಳು ತಲೆ ಬಾಚಿದ ಹಾಗೆ ಹಿಂದಕ್ಕೆ ಮಲಗಬೇಕು. ಇಲ್ಲಿ ನೋಡಿದರೆ ಒಳಗಡೆಯ ದಾರಗಳು ಎದ್ದು ನಿಂತು ಕುಣಿಯುತ್ತಿವೆ, ಕೆಲವು ಹಿಂದುಮುಂದಾಗಿ ತಿರುಗಿ ನಿಂತಿವೆ. ತುದಿಯ ಕಡೆಯವು ಒತ್ತಿ ಹಿಡಿದ ಹಾಗೆ ಅಂಟಿಕೊಂಡಿವೆ. ನನ್ನ ಹುರಿಗಾಳಿ ಒಂದೇ ಇಷ್ಟು ಅನಾಹುತ ಮಾಡಲಾರದು. ಇಂಜಿನ್ ನಿಲ್ಲಿಸಿ, ಮಂಡಿಯೂರಿ, ಒಂದು ಕಣ್ಣು ಮುಚ್ಚಿ ರೆಕ್ಕೆಯ ಅಂಚಿನುದ್ದಕ್ಕೂ ನೋಡಿದೆ. ಒಳಗಡೆ ಮುಂದಿನ ಅಂಚು ಎರಡು ಬೆರಳು ಎದ್ದಿದೆ. ತುದಿಯ ಕಡೆ ಎರಡು ಬೆರಳು ತಗ್ಗಿದೆ.

"ಬೀಗರೇ, ಬಾಯಿಬಿಟ್ಟು ಕೇಳ್ತೀನಿ, ಬೇಜಾರಾದ್ರೆ ಆಗಲಿ. ರೆಕ್ಕೇನ ತಿರುಚಿದೀರಾ?"

ಮುದ್ದವೀರಪ್ಪನವರು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದರು. "ತಿರುಚಿದೀನಿ. ನಿಮ್ಮ ಪಂಖದ ಗಾಳಿ ತುದೀಲಿ ಮೇಲಕ್ಕೇಳ್ತದೆ, ಒಳಗಡೆ ಕೆಳಕ್ಕೆ ಬೀಳ್ತದೆ. ಎಷ್ಟೋ ವರ್ಷದಿಂದ ನೋಡ್ತಾ ಇದೀನಿ. ಬೀಗಿತ್ತಿ ಪಂಖಕ್ಕೆ ಹೆಸರಿಡೋದು ಹೆಂಗೆ? ಅದಕ್ಕೇ ಗಾಳಿ ಏಳೋ ಕಡೆ ತಗ್ಗಿಸ್ದೆ, ಬೀಳೋ ಕಡೆ ಎತ್ತಿದೆ. ನಿಮ್ಮ ಪಂಖಕ್ಕೆ ಸರಿಹೊಂದಲಿ ಅಂತ."

"ನನ್ನ ಪಂಖ ಈಗ ಹಂಗೆ ತಿರುಗ್ತಾ ಇಲ್ಲ" ಅಂದೆ. "ಎಡ ಬಲ ಅದಲುಬದಲು ಮಾಡಿದೀನಿ. ನಿಮ್ಮ ರೆಕ್ಕೆ ತುದಿ ಸೋರೋದು ನಿಲ್ಲಲಿ ಅಂತ."

"ಯಾವಾಗ?"

"ನೀವು ಬಂದ ತಿಂಗಳಿಗೆ."

"ಒಂದು ಮಾತು ಹೇಳಬಾರದಾಗಿತ್ತಾ ತಾಯೀ?"

"ನೀವು ಹೇಳಿದ್ರಾ?"

ದಸ್ತಗೀರ್ ತಲೆಯ ಮೇಲೆ ಕೈ ಹೊತ್ತು ನೆಲಕ್ಕೇ ಕೂತ. "ಯಾ ಅಲ್ಲಾ! ಮೂರು ತಿಂಗಳಿಂದ ಒಂದೇ ಮನೇಲಿ ಉಣ್ತಾ ಇದೀರಲ್ರೀ!"

ಗಾಳಿ ಬೀಳುವ ಕಡೆ ರೆಕ್ಕೆ ತಗ್ಗಿತ್ತು, ಗಾಳಿ ಏಳುವ ಕಡೆ ಎದ್ದಿತ್ತು. ಇಬ್ಬರೂ ಸರಿಯಾಗಿಯೇ ಯೋಚಿಸಿ, ಇಬ್ಬರೂ ಸೇರಿ ಕೆಡಿಸಿದ್ದೆವು. ಈಗ ದಾರಿ ಎರಡೇ. ನನ್ನ ಪಂಖವನ್ನು ಮೊದಲಿನ ಹಾಗೆ ಹಾಕುವುದು ಒಂದು ಗಂಟೆಯ ಕೆಲಸ, ಅವರ ರೆಕ್ಕೆಗೆ ಅದು ಹೊಂದುತ್ತದೆ. ಆದರೆ ತುದಿಯ ಸೋರಿಕೆ ಹಾಗೇ ಉಳಿಯುತ್ತದೆ, ಇಂದ್ರಾಣಿಯ ಭಾರ ಹೊತ್ತು ಮೂವತ್ತು ನಿಮಿಷದೊಳಗೆ ಬರುತ್ತದೆ ಅಂತ ನನಗೆ ನಂಬಿಕೆಯಿರಲಿಲ್ಲ. ಇಲ್ಲವೇ ಅವರ ರೆಕ್ಕೆಯನ್ನು ಬಿಡಿಸಿ ನನ್ನ ಪಂಖಕ್ಕೆ ಹೊಂದುವ ಹಾಗೆ ತಿರುಗಾ ತಿರುಚಬೇಕು. ಬೀಗರು ನನ್ನ ಕಡೆ ತಿರುಗಿದರು. "ನಿಮಗೆ ಪೂರ್ತಿ ನಂಬಿಕೆನಾ?"

"ಹೊಗೆ ಸುರುಳಿ ಸುತ್ತಿದ್ದು ಕಣ್ಣಾರೆ ನೋಡಿದೀನಿ. ನನ್ನ ಮಗಳ ತಲೆ ಮೇಲೆ ಆಣೆ ಇಟ್ಟು ಹೇಳ್ತೀನಿ ಬೀಗರೇ, ನನ್ನ ದಾರಿನೇ ಸರಿ."

ಅವರು ತೋಳು ಮಡಿಸಿ, ನೀರು ಕಾಯಿಸಿ ಅಂದರು. ರೆಕ್ಕೆಯ ಕೀಲುಗಳನ್ನೆಲ್ಲ ಹುಣಸೆ ಬೀಜದ ಅಂಟಿನಿಂದ ಕಟ್ಟಿದ್ದರು, ಬಿಸಿನೀರು ಬಿದ್ದರೆ ಬಿಟ್ಟುಕೊಳ್ಳುತ್ತದೆ. ಒಂದು ವರ್ಷದ ಕೆಲಸಕ್ಕೆ ತಮ್ಮ ಕೈಯಾರೆ ಕೊಡದಿಂದ ಬಿಸಿನೀರು ಸುರಿದರು. ಮುಖ ನೋಡಲಾಗಲಿಲ್ಲ ನನಗೆ. ನಾನು ಒಂದು ತುದಿ ಹಿಡಿದೆ, ಅವರು ಇನ್ನೊಂದು, ಒಳಗಡೆ ತಗ್ಗಿಸಿ ತುದಿ ಎತ್ತಿ ತಿರುಚಿ ಹಗ್ಗ ಬಿಗಿದೆವು. ಅಂಟು ಒಣಗಬೇಕಲ್ಲ? ಬೀದಿಯ ಹೆಂಗಸರೆಲ್ಲ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿಕೊಂಡು ಬಂದರು. ಹದಿನಾಲ್ಕು ಇಸ್ತ್ರಿಪೆಟ್ಟಿಗೆ ರೆಕ್ಕೆಯ ಮೇಲೆ ಓಡಾಡಿದವು. ಒಬ್ಬಳು, "ಗೌರಕ್ಕ, ನನ್ನ ಗಂಡನ ಪಂಚೆಗೂ ಇಷ್ಟು ಮುತುವರ್ಜಿ ಮಾಡಿಲ್ಲ" ಅಂದಳು. ಎಲ್ಲರೂ ನಕ್ಕೆವು, ನಗುತ್ತಲೇ ನನ್ನ ಕಣ್ಣು ತುಂಬಿತು. ಸಂಜೆ ಸೂರ್ಯ ಇಳಿಯುವ ಮೊದಲು ಕೆಲಸ ಮುಗಿಯಿತು.

ಬುಧವಾರ ಬಿಸಿಲು ಏರುತ್ತಿದ್ದ ಹಾಗೆ ಆಚೆಯ ಕನ್ನಡಿ ಮಿನುಗತೊಡಗಿತು. ನಿಲ್ಲಲೇ ಇಲ್ಲ. ಪೋಸ್ಟ್ ಮಾಸ್ತರರು ದುರ್ಬೀನಿನಿಂದ ಕಣ್ಣು ತೆಗೆಯದೆ, "ನೋವು ಶುರುವಾಗಿದೆ" ಅಂದರು. ದಸ್ತಗೀರ್ ಆಗಲೇ ಏರಿ ಕೂತಿದ್ದ. ಇರುವುದು ಎರಡೇ ಸೀಟು, ನಾನು ಹೋಗುವಂತಿಲ್ಲ. ವಿಮಾನ ಓಡಿತು, ಎದ್ದಿತು. ನಡುಗಲಿಲ್ಲ. ಸೀಳಿನ ಅಂಚು ದಾಟಿ ಮೋಡದ ಮೇಲೆ ಸಣ್ಣದಾಗುತ್ತ ಹೋಯಿತು. ಬೀಗರು ಜೇಬಿನ ಗಡಿಯಾರ ಹಿಡಿದು ನಿಂತಿದ್ದರು. ಇಪ್ಪತ್ತಾರು ನಿಮಿಷಕ್ಕೆ ಕನ್ನಡಿ ಹೇಳಿತು: ಇಳಿದಿದ್ದೇವೆ, ನೀರು ಕುದಿದಿಲ್ಲ.

ಜನ ಶಿಳ್ಳೆ ಹಾಕಿದರು. ನಾನು ಹಾಕಲಿಲ್ಲ. ಹೋಗುವಾಗ ಸೀಟು ಖಾಲಿ, ಬರುವಾಗ ತುಂಬಿದ ಬಸುರಿ. ಆ ಹೊತ್ತಿನಲ್ಲಿ ನನಗೆ ಹೆದರಿಕೆಯಾಯಿತು, ಮುಚ್ಚಿಡುವುದೇನು ಬಂತು. ಸುರುಳಿ ನೋಡಿದ್ದು ನಾನೊಬ್ಬಳೇ, ಅದೂ ಒಂದೇ ಸಲ. ನನ್ನ ಕಣ್ಣು ತಪ್ಪಿದ್ದರೆ? ಬೀಗರ ಹತ್ತಿರ ಹೋಗಿ ಗಡಿಯಾರದ ಕಡೆ ನೋಡದೆ ನಿಂತುಕೊಂಡೆ. ಆಚೆಯಿಂದ ಹೊರಟರು ಅಂತ ಕನ್ನಡಿ ಹೇಳಿದ ಗಳಿಗೆಯಿಂದ ಅವರು ಒಂದೊಂದೇ ನಿಮಿಷ ಜೋರಾಗಿ ಎಣಿಸುತ್ತಿದ್ದರು. ಇಪ್ಪತ್ತೆಂಟು ಅನ್ನುವಾಗ ಗಡಿಯಾರವನ್ನು ಕಣ್ಣಿನ ಹತ್ತಿರ ತಂದರು. ಇಪ್ಪತ್ತೊಂಬತ್ತು ಅನ್ನುವ ಮೊದಲೇ ವಿಮಾನ ಮೋಡದಿಂದ ಎದ್ದು ಬಂದು ಬಯಲಿನಲ್ಲಿ ಕೂತಿತು. ಇಂಜಿನ್ನಿನಿಂದ ಒಂದು ಎಳೆ ಹಬೆ ಕೂಡ ಬರಲಿಲ್ಲ. ಮಂಚ ಹೊತ್ತುಕೊಂಡು ಕಾದಿದ್ದವರು ಓಡಿದರು. ಇಂದ್ರಾಣಿ ನನ್ನ ಕೈ ಹಿಡಿದು ಹಿಂಡಿದಳು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದು, ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಅಂದರು. ಬೀಗರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗೊಳೋ ಅಂತ ಅತ್ತರು.

ಮರುದಿನ ಗಂಜಿ ತಗೊಂಡು ಹೋದಾಗ ಇಂದ್ರಾಣಿ ದಿಂಬಿಗೆ ಒರಗಿ ಕೂತಿದ್ದಳು, ಮಗು ತೊಡೆಯ ಮೇಲಿತ್ತು. ಮೊದಲ ಮಾತೇ, "ರೆಕ್ಕೇನ ವಾಪಸ್ ತಿರುಚಿಸಿದ್ರಾ?" ಅಂದಳು.

"ನಿನಗ್ಯಾರೇ ಹೇಳಿದ್ದು?"

"ಯಾರು ಹೇಳಬೇಕು? ಅಲ್ಲಿ ಮಾವ ತಿರುಚೋವಾಗ ಇನ್ನೊಂದು ತುದಿ ಹಿಡ್ಕೊಂಡಿದ್ದು ನಾನೇ. ತುದೀಲಿ ಗಾಳಿ ಸೋರೋದು ಕಂಡ್ರೆ ನೀನೂ ಪಂಖ ಬದಲಾಯಿಸೇ ಬದಲಾಯಿಸ್ತೀಯ ಅಂತ ಗೊತ್ತಿತ್ತು. ಕೈಕಟ್ಟಿ ಕೂರೋ ಹೆಂಗಸಾ ನೀನು?"

ಗಂಜಿಯ ಪಾತ್ರೆಯನ್ನು ಕೆಳಗೆ ಕುಕ್ಕಿದೆ. "ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಾ? ಒಂದು ಸಲ ಕನ್ನಡಿ ಹಾಕಿದ್ರೆ ಆಗ್ತಿತ್ತಲ್ಲೇ! ನಿನ್ನ ಪ್ರಾಣ ಹೋಗ್ತಿತ್ತಲ್ಲೇ, ಪಾಪಿ!"

"ನನ್ನ ಗಂಡನ ಮನೆಗೆ ಕಳಿಸೋ ದಿನ ಏನು ಹೇಳಿಕೊಟ್ಟೆ ಅಮ್ಮ? ಅಲ್ಲಿಯ ಮಾತು ಇಲ್ಲಿಗೆ ತರಬೇಡ, ಇಲ್ಲಿಯ ಮಾತು ಅಲ್ಲಿ ಆಡಬೇಡ, ಎರಡು ಮನೆ ನಡುವೆ ನೀನು ಮೂಗಿಯಾಗಿರು, ಆಗ ಒಳ್ಳೆ ಸೊಸೆ ಅನ್ನಿಸ್ಕೋತೀಯ ಅಂತ. ಎರಡು ಸಲ ಹೇಳಿಸಿದೆ ನನ್ನ ಬಾಯಲ್ಲಿ. ಹಂಗೇ ಇದ್ದೆ."

ಹೌದು, ಹೇಳಿಕೊಟ್ಟಿದ್ದೆ. ತಲೆ ನೇವರಿಸುತ್ತ, ದೊಡ್ಡ ಬುದ್ಧಿವಾದ ಹೇಳುತ್ತಿದ್ದೇನೆ ಅಂದುಕೊಂಡು ಹೇಳಿಕೊಟ್ಟಿದ್ದೆ. ಮಂಚದ ಅಂಚಿನಲ್ಲಿ ಕೂತು, ಅವಳ ಪಾದ ಹಿಡಿದುಕೊಂಡು, "ತಪ್ಪಾಯ್ತು ಕಣೇ. ನಾನು ಹೇಳಿಕೊಟ್ಟಿದ್ದೇ ತಪ್ಪು" ಅಂದೆ. ಹಾಗಂದದ್ದು ನೆನಪಿರುವ ಹಾಗೆ ಅದೇ ಮೊದಲು.

ಬಾಗಿಲಲ್ಲಿ ಬೀಗರು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು ಅನ್ನುವುದು ಮುಖದಲ್ಲೇ ಗೊತ್ತಾಗುತ್ತಿತ್ತು. ಸ್ಟೂಲು ಎಳೆದುಕೊಂಡು ಸೊಸೆಯ ಪಕ್ಕ ಕೂತರು. "ಹೇಳಮ್ಮ. ನಮ್ಮ ಕೆಲಸದಲ್ಲಿ ಇನ್ನೇನೇನು ನೋಡಿದೀಯ? ನಿಮ್ಮಮ್ಮನ ಮುಂದೇನೇ ಹೇಳು, ನಾನೇನೂ ಅಂದ್ಕೊಳ್ಳಲ್ಲ."

ಇಂದ್ರಾಣಿ ಅವರನ್ನು ನೋಡಿದಳು, ನನ್ನನ್ನು ನೋಡಿದಳು, ಮಗುವನ್ನು ಈ ತೊಡೆಯಿಂದ ಆ ತೊಡೆಗೆ ಬದಲಿಸಿದಳು.

"ಮೊದಲನೇದು ಮಾವ, ನಿಮ್ಮ ಅಂಟು ತೀರಾ ನೀರು" ಅಂದಳು. ಎರಡನೆಯದು, ಮೂರನೆಯದು, ನಾಲ್ಕನೆಯದು ನನ್ನ ಪಂಖದ ವಿಷಯ. ನಾನು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡೆ.